ಖುಷಿ ಹಂಚುವ ಹಾಡು ಬರೆಯಬೇಕು ಅಂತ ಆಸೆ, ಬರೆದಿದ್ದನ್ನು ಮಾತ್ರ ಯಾರೂ ಪೂರ್ತಿ ಕೇಳುತ್ತಿಲ್ಲ

ಗಲ್ಲಾಪೆಟ್ಟಿಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನನಗೆ 20 ವರ್ಷ. ಬಿ.ಕಾಂ. ಕೊನೆ ವರ್ಷ. ನಮ್ಮದು ಮಂಡಕ್ಕಿ-ಮಿರ್ಚಿ ಅಂಗಡಿ. ಸಂಜೆ 4ಕ್ಕೆ ತೆಗೆದರೆ ಮುಚ್ಚುವಾಗ ರಾತ್ರಿ 10 ದಾಟಿರುತ್ತದೆ. ಅಪ್ಪ ಬಾಣಲೆ ಮುಂದೆ, ಅಮ್ಮ ಮಂಡಕ್ಕಿ ಕಲಸಲು, ತಮ್ಮ ನೀರು-ತಟ್ಟೆ, ನಾನು ಗಲ್ಲಾ. ಗಲ್ಲಾದಲ್ಲಿ ಕೂತರೆ ಬರುವವರ ಮುಖ ನೋಡುವುದೇ ಕೆಲಸ. ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತು ಬಂದವರು, ಆಟೋದವರು, ಕೋಚಿಂಗ್ ಮುಗಿಸಿದ ಹುಡುಗರು. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಮೊಬೈಲು. ಇವರ ಮುಖ ಒಂದು ನಿಮಿಷ ಅರಳುವ ಹಾಗೆ ಒಂದು ಹಾಡು ಬರೆಯಬೇಕು ಅಂತ ನನಗೆ ಪಿಯುಸಿಯಿಂದಲೂ ಆಸೆ. ದೊಡ್ಡ ಹೆಸರು ಬೇಡ. ಸಿನಿಮಾ ಸಿಕ್ಕರೆ ಬೇಡ ಅನ್ನುವುದಿಲ್ಲ, ಆದರೆ ಅದೇ ಗುರಿ ಅಲ್ಲ.

ಈವರೆಗೆ 30ಕ್ಕೂ ಜಾಸ್ತಿ ಬರೆದಿದ್ದೇನೆ. ಅದರಲ್ಲಿ ಐದಕ್ಕೆ ನಾನೇ ರಾಗ ಹಾಕಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂಬಳಿ ಹೊದ್ದುಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದೆ. ಎಲ್ಲರೂ 15-20 ಸೆಕೆಂಡ್ ಕೇಳಿ ಹೋಗಿದ್ದಾರೆ, ಅದು ಅಲ್ಲೇ ತೋರಿಸುತ್ತದೆ. ಗೆಳತಿಯರು "ಸೂಪರ್ ಕಣೇ" ಅನ್ನುತ್ತಾರೆ. ಯಾವ ಸಾಲು ಇಷ್ಟ ಆಯ್ತು ಅಂತ ಕೇಳಿದರೆ ಒಬ್ಬಳಿಗೂ ನೆನಪಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇದು:

ಸಂತಸ ಎಂಬುದು ಹೃದಯದ ದೀಪ
ನಗುವೇ ಬದುಕಿನ ಸುಂದರ ರೂಪ
ನೋವನು ಮರೆತು ಮುಂದಕೆ ಸಾಗು
ಜಗಕೆ ನೀನೇ ಬೆಳಕಾಗು

ಮೊನ್ನೆ ಅಂಗಡಿಯಲ್ಲೇ ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದೆ. ಒಬ್ಬರೂ ತಲೆ ಎತ್ತಲಿಲ್ಲ. ಒಬ್ಬ ಗಿರಾಕಿ "ಯಾವ್ದೋ ಮಠದ್ದಾ?" ಅಂತ ಕೇಳಿದರು. ಅಪ್ಪ ಆಫ್ ಮಾಡಿಸಿದರು. ತಮಾಷೆ ಏನು ಅಂದರೆ, ನಾನು ಸುಮ್ನೆ ಆರ್ಡರ್ ಕೂಗುವಾಗ ಏನೋ ಪ್ರಾಸ ಸೇರಿಸಿ ಕೂಗುತ್ತೇನೆ, ಅದಕ್ಕೆ ಎಲ್ಲರೂ ನಗುತ್ತಾರೆ. ಅದು ಬಿಡಿ, ಅದು ಹಾಡಲ್ಲ.

ನನ್ನ ಪ್ರಶ್ನೆಗಳು. ಎಲ್ಲಿ ತಪ್ಪುತ್ತಿದೆ? ಸಂಗೀತ ಕಲಿಯದೆ ಹಾಡು ಬರೆಯಬಹುದಾ? ಸಿನಿಮಾ ಹಾಡಿನ ಟ್ಯೂನಿಗೆ ನನ್ನ ಸಾಹಿತ್ಯ ಕೂರಿಸಿ ಹಾಕಿದರೆ ನಡೆಯುತ್ತಾ? ಬೆಂಗಳೂರಿಗೆ ಹೋಗದೆ ಇಲ್ಲೇ ಇದ್ದು ಏನಾದರೂ ಆಗುತ್ತಾ? ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಿದ್ದಾರೆ, ಅದನ್ನೂ ಬರೆಯುತ್ತೇನೆ, ಅದರ ಬಗ್ಗೆ ದಯವಿಟ್ಟು ಬುದ್ಧಿ ಹೇಳಬೇಡಿ.

ಕೀಬೋರ್ಡ್ ಹರಿಹರ

ತಂಗಿ, ನಿನ್ನ ಐದೂ ಕೇಳಿದೆ. ಪೂರ್ತಿ ಕೇಳಿದೆ, ಆ ಲೆಕ್ಕದಲ್ಲಿ ನನ್ನನ್ನೂ ಸೇರಿಸಿಕೋ.

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ, 18 ವರ್ಷ ಆಯಿತು. ಮದುವೆ, ಗಣಪತಿ, ದುಗ್ಗಮ್ಮನ ಜಾತ್ರೆ, ಎಲ್ಲಾ ಆಗಿದೆ. ನಮ್ಮಪ್ಪ ಕಂಪನಿ ನಾಟಕದಲ್ಲಿ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಿಮ್ಮ ದಾವಣಗೆರೆಯದೇ, ನಿಮ್ಮ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಆ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ "ವನ್ಸ್ ಮೋರ್" ಅಂತ ಕೂಗಿ ಮತ್ತೆ ಹಾಡಿಸುತ್ತಿದ್ದರಂತೆ, ಹಿಡಿಸದಿದ್ದರೆ ಎದ್ದು ಬೀಡಿ ಸೇದಲು ಹೊರಗೆ. ಅಪ್ಪ ಹೇಳುತ್ತಿದ್ದರು, ಹಾಡಿನ ಮಧ್ಯ ಎಷ್ಟು ಬೀಡಿ ಹೊತ್ತಿಕೊಂಡವು ನೋಡಿ ಹಾಡಿನ ಯೋಗ್ಯತೆ ತಿಳಿಯಬೇಕು ಅಂತ. ನಿನ್ನ 15 ಸೆಕೆಂಡ್ ಅದೇ ಬೀಡಿ.

ಮೊದಲು ಧ್ವನಿ. ನೀನು ರಾತ್ರಿ ಕಂಬಳಿಯೊಳಗೆ, ತಮ್ಮ ಏಳಬಾರದು ಅಂತ ಪಿಸುಗುಡುತ್ತಾ ಹಾಡಿದ್ದೀಯ. ಕೆಳಗಿನ ಶ್ರುತಿ, ಉಸಿರು ಬಿಗಿ ಹಿಡಿದಿದೆ. ಪದದಲ್ಲಿ "ಸಂತಸ", ಗಂಟಲಲ್ಲಿ ಲಾಲಿ. ಕೇಳುವವನಿಗೆ ನಿದ್ದೆ ಬರುವುದು ಅವನ ತಪ್ಪಲ್ಲ. ಹಗಲಲ್ಲಿ, ನಿಂತುಕೊಂಡು, ಸ್ವಲ್ಪ ಜೋರಾಗಿ ಹಾಡು. ನಿನ್ನ ಧ್ವನಿಗೆ ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿ, ಸರಿಹೋಗಬಹುದು, ಹಾರ್ಮೋನಿಯಂ ಇರುವವರ ಹತ್ತಿರ ಒಮ್ಮೆ ನೋಡಿಸು. ಶ್ರುತಿ ಪೆಟ್ಟಿಗೆ ಈಗ ಫೋನಿನಲ್ಲೇ ಆ್ಯಪ್ ಸಿಗುತ್ತದೆ, ದುಡ್ಡಿಲ್ಲ.

ಆಮೇಲೆ ತಾಳ. ಮಾತ್ರೆ ಎಣಿಸುವುದು ಹೈಸ್ಕೂಲಿನಲ್ಲಿ ಕಲಿತಿರುತ್ತೀಯ, ಲಘು ಅಂದರೆ ಗಿಡ್ಡ ಉಚ್ಚಾರ, ಒಂದು, ಗುರು ಅಂದರೆ ಉದ್ದ, ಎರಡು. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯುತ್ತಾರೆ, ಹಾಡು ಬರೆಯುವವರು ಮರೆಯಬಾರದು. ನಿನ್ನ ಮೊದಲ ಎರಡು ಸಾಲು ನಾಲ್ಕು-ನಾಲ್ಕರಲ್ಲಿ ಚೆನ್ನಾಗಿ ಕೂತಿವೆ. ಸಂತಸ ನಾಲ್ಕು, ಎಂಬುದು ನಾಲ್ಕು, ಹೃದಯದ ನಾಲ್ಕು, ದೀಪ ಮೂರು, ಕೊನೆಗೆ ಒಂದು ಎಳೆತ. ಮೂರನೇ ಸಾಲಿನಲ್ಲಿ "ಮರೆತು" ಬಂತು ನೋಡು, ಮೂರೇ ಮಾತ್ರೆ. ಅಲ್ಲಿ ನಿನ್ನ ರಾಗ ಎಡವುತ್ತದೆ. ಕೇಳಿ ನೋಡು, ನೀನೇ "ಮರೆತೂಊ" ಅಂತ ಎಳೆದು ಮುಚ್ಚಿದ್ದೀಯ. "ಮರೆಯುತ" ಅಂದಿದ್ದರೆ ಮುಗಿಯುತ್ತಿತ್ತು. ನಾಲ್ಕನೇ ಸಾಲಿನ "ಜಗಕೆ"ಗೂ ಅದೇ ಕಥೆ.

ಸಂಗೀತ ಕಲಿಯದೆ ಬರೆಯಬಹುದು. ತಾಳ ತಿಳಿಯದೆ ಆಗುವುದಿಲ್ಲ. ಸಿನಿಮಾದಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು ಬರುತ್ತದೆ, ತನನ ಅಂತ ಹಾಡಿ ಕಳಿಸುತ್ತಾರೆ, ಅದರ ಅಳತೆಗೆ ನೀನು ಪದ ಹೊಲಿಯಬೇಕು. ಅಂಗಿ ಆಗಲೇ ಹೊಲಿದಾಗಿರುತ್ತದೆ, ಗುಂಡಿ ಎಲ್ಲಿದೆಯೋ ಅಲ್ಲೇ ಕಾಜ.

ಈರುಳ್ಳಿ ಲೋಡ್

ತಮ್ಮಾ, ನಾನು ಡ್ರೈವರ್. ಚಳ್ಳಕೆರೆ, ಹಿರಿಯೂರು ಕಡೆಯಿಂದ ಈರುಳ್ಳಿ ತುಂಬಿಕೊಂಡು ಯಶವಂತಪುರಕ್ಕೆ ಹೋಗುತ್ತೇನೆ. ಹಾಡಿಲ್ಲದೆ ಶಿರಾ ದಾಟಲು ಆಗುವುದಿಲ್ಲ, ಹಾಗಾಗಿ ನನಗೂ ಈ ವಿಷಯದಲ್ಲಿ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ರಾತ್ರಿ 2 ಗಂಟೆಗೆ ನನಗೆ ಯಾರಾದರೂ "ನಗು ನಗು" ಅಂದರೆ ಸಿಟ್ಟು ಬರುತ್ತದೆ. ಮಾಲಿಗೆ ರೇಟ್ ಇಲ್ಲ, ರೈತ ಫೋನ್ ಮೇಲೆ ಫೋನ್ ಮಾಡುತ್ತಾನೆ, ಇಳಿಸುವಲ್ಲಿ ಲೈನು, ನಗಲು ಏನಿದೆ? ಆಗ ನಾನು ಹಾಕುವುದು ಅಳುವ ಹಾಡು. ಹುಡುಗಿ ಕೈಕೊಟ್ಟ ಹಾಡು. ನನಗೆ ಯಾವ ಹುಡುಗಿಯೂ ಕೈಕೊಟ್ಟಿಲ್ಲ, ಎರಡು ಮಕ್ಕಳಿದ್ದಾರೆ, ಆದರೂ ಅದನ್ನು ಜೋರಾಗಿ ಕೂಗಿ ಹಾಡಿದರೆ ಎದೆ ಹಗುರ ಆಗುತ್ತದೆ. ಅದೂ ಖುಷಿನೇ ಅಲ್ವಾ? ನೀನು ನಗಿಸುವ ಹಾಡನ್ನೇ ಬರೆಯಬೇಕು ಅಂತ ಯಾಕೆ ಹಟ?

ಇನ್ನೊಂದು. ನಿನ್ನ ಹಾಡಿನಲ್ಲಿ ಮನುಷ್ಯರೇ ಇಲ್ಲ. ದೀಪ ಇದೆ, ಬೆಳಕು ಇದೆ, ಜಗ ಇದೆ. ಜಗ ಯಾರು? ನನಗೆ ಗೊತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಗಲ್ಲಾಪೆಟ್ಟಿಗೆ, ದಾವಣಗೆರೆ

@ಈರುಳ್ಳಿ ಲೋಡ್, ಅಣ್ಣಾ, ನಾನು ತಮ್ಮ ಅಲ್ಲ, ತಂಗಿ. ಬೇಜಾರಿಲ್ಲ. ಸ್ವಲ್ಪ ಇದೆ. "ಜಗ ಯಾರು" ಅನ್ನುವುದಕ್ಕೆ ಉತ್ತರ ಹುಡುಕುತ್ತಾ ಇವತ್ತು ಚಿಲ್ಲರೆ ತಪ್ಪಾಗಿ ಕೊಟ್ಟು ಬೈಸಿಕೊಂಡೆ.

@ಕೀಬೋರ್ಡ್ ಹರಿಹರ, ಅಣ್ಣಾ, "ಮರೆತೂಊ" ಈಗ ಕೇಳಿಸುತ್ತಿದೆ, ಮೊದಲು ಕೇಳಿಸುತ್ತಲೇ ಇರಲಿಲ್ಲ. ಇನ್ನು ಆ ಹಾಡು ಕೇಳಲು ನನಗೇ ಆಗುವುದಿಲ್ಲ, ಥ್ಯಾಂಕ್ಸ್ ಹೇಳಲೋ ಬೈಯಲೋ ಗೊತ್ತಾಗುತ್ತಿಲ್ಲ.

ಮೇಷ್ಟ್ರು, ಚಳ್ಳಕೆರೆ

ಮಗಳೇ, ಎಲ್ಲರೂ ನಿನ್ನ ಆ ನಾಲ್ಕು ಸಾಲು ನೋಡಿದರು, ನಾನು ಅದರ ಕೆಳಗಿನ ಸಾಲು ನೋಡಿದೆ. "ಆರ್ಡರ್ ಕೂಗುವಾಗ ಪ್ರಾಸ ಸೇರಿಸಿ ಕೂಗುತ್ತೇನೆ, ಎಲ್ಲರೂ ನಗುತ್ತಾರೆ, ಅದು ಬಿಡಿ." ಯಾಕೆ ಬಿಡಬೇಕು? ಏನಂತ ಕೂಗುತ್ತೀಯ, ಇದ್ದದ್ದು ಇದ್ದ ಹಾಗೆ ಬರೆ. ತಿದ್ದಬೇಡ.

ಗಲ್ಲಾಪೆಟ್ಟಿಗೆ, ದಾವಣಗೆರೆ

ಅಯ್ಯೋ ಸರ್, ಅದು ದಿನಾ ಬೇರೆ ಬೇರೆ ಇರುತ್ತದೆ. ಮೂಲೆ ಟೇಬಲಿಗೆ ಒಬ್ಬರು ದಿನಾ ಬರುತ್ತಾರೆ, ನಾವು ಮಾವ ಅನ್ನುತ್ತೇವೆ, ಸಂಬಂಧ ಏನಿಲ್ಲ. ಹಳೇ ಕಾಟನ್ ಮಿಲ್ಲಿನಲ್ಲಿ ಇದ್ದವರಂತೆ. ಮಾತು ಕಮ್ಮಿ. ನಿನ್ನೆ ಅವರು ಬಂದಾಗ ಕೂಗಿದ್ದು ಇದು:

ಮೂಲೆ ಟೇಬಲ್ ನಾಲ್ಕು ಮಿರ್ಚೀ
ಖಾರ ಕಮ್ಮೀ ನಿಂಬೆ ಜಾಸ್ತೀ
ಮಾವ ಬಂದರು ಮುಖವು ಸಪ್ಪಗೆ
ನೀರು ಕೊಡ್ರೋ ಮೊದಲು ಅವ್ರಿಗೆ

ಪಕ್ಕದ ಟೇಬಲಿನ ಹುಡುಗರು ಜೋರಾಗಿ ನಕ್ಕರು. ಮಾವನೂ ಸ್ವಲ್ಪ. ಇದನ್ನೆಲ್ಲಾ ಹಾಡು ಅಂತ ಯಾರಾದರೂ ಅನ್ನುತ್ತಾರಾ?

ಮೇಷ್ಟ್ರು, ಚಳ್ಳಕೆರೆ

ಅನ್ನುತ್ತಾರೆ. ನಾನು ಅನ್ನುತ್ತಿದ್ದೇನೆ.

ಎಣಿಸಿದೆ, ಎರಡು ಸಲ ಎಣಿಸಿದೆ, ನಂಬಿಕೆ ಬರದೆ. ಮೂಲೆ ಮೂರು, ಟೇಬಲ್ ನಾಲ್ಕು, ನಾಲ್ಕು ಅನ್ನುವ ಪದ ಮೂರು, ಮಿರ್ಚೀ ನಾಲ್ಕು. ಮೂರು-ನಾಲ್ಕು, ಮೂರು-ನಾಲ್ಕು. ನಾಲ್ಕೂ ಸಾಲು ಹೀಗೇ ಇವೆ, ಒಂದು ಮಾತ್ರೆಯೂ ಆಚೆ ಈಚೆ ಇಲ್ಲ. ಹಳೇ ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಹಾಡುವ ಭಾಮಿನಿ ಷಟ್ಪದಿಯ ನಡೆ ಇದೇ. ತಾಳದವರು ಇದನ್ನೇ ಮಿಶ್ರಛಾಪು ಅನ್ನುತ್ತಾರೆ, ತಕಿಟ ತಕಧಿಮಿ. ನಿನಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಕಂಬಳಿಯೊಳಗೆ ಬರೆದ ಹಾಡಿನಲ್ಲಿ ಮಾತ್ರೆ ತಪ್ಪುತ್ತದೆ, ಗಲ್ಲಾದಲ್ಲಿ ಕೂತು ಕೂಗಿದ್ದರಲ್ಲಿ ತಪ್ಪುವುದಿಲ್ಲ. ಯಾಕೆ ಅಂತ ಯೋಚನೆ ಮಾಡು. ಕೂಗುವಾಗ ಬಾಯಿ ತಾನೇ ಅಳೆಯುತ್ತದೆ. "ಮಿರ್ಚಿ" ಮೂರೇ ಮಾತ್ರೆ, ನೀನು "ಮಿರ್ಚೀ" ಅಂತ ಎಳೆದು ನಾಲ್ಕು ಮಾಡಿದೆ, ಯಾಕಂದರೆ ಬಾಣಲೆ ಹತ್ತಿರ ನಿಂತ ಅಪ್ಪನಿಗೆ ಕೇಳಬೇಕು. ನಮ್ಮ ಛಂದಸ್ಸಿನವರು ಈ ಎಳೆತಕ್ಕೆ ಕರ್ಷಣ ಅಂತ ಹೆಸರಿಟ್ಟಿದ್ದಾರೆ. ಜನಪದ ಹಾಡಿನ ತುಂಬಾ ಇದೇ ಇರುವುದು.

ಬೀಸುವ ಕಲ್ಲಿನ ಪದ, ಕುಟ್ಟುವ ಪದ, ನಾಟಿ ಪದ, ಎಲ್ಲಾ ಕೆಲಸ ಮಾಡುತ್ತಾ ಹುಟ್ಟಿದವು. ಯಾರೂ ಕೂತು "ಇವತ್ತು ಜನಕ್ಕೆ ಖುಷಿ ಹಂಚೋಣ" ಅಂತ ಕಟ್ಟಿದ್ದಲ್ಲ. ನಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಅಂತ ಇದ್ದರು. ಓದು ಬರಹ ಬಾರದು. ಸಾವಿರಾರು ಹಾಡು ಬಾಯಲ್ಲೇ ಇತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ಅಂಥವರ ಹಾಡಿನಲ್ಲಿ ನೀನು "ಸಂತಸ" ಅನ್ನುವ ಪದ ಹುಡುಕಿದರೆ ಸಿಗುವುದು ಕಷ್ಟ. ಕುರಿ ಸಿಗುತ್ತದೆ, ಅಣ್ಣ ಸಿಗುತ್ತಾನೆ, ತವರಿನ ದಾರಿ ಸಿಗುತ್ತದೆ. ಆ ದಾರಿಯ ಹೆಸರು ಕೇಳಿದರೇ ಹೆಂಗಸರ ಮುಖ ಅರಳುತ್ತದೆ.

ದೀಪ ಅಂದ ತಕ್ಷಣ ರೂಪ ಬರುತ್ತದೆ ಅಂತ ಕೇಳುವವನಿಗೆ ಮೊದಲೇ ಗೊತ್ತು. ಅವನು ನಿನಗಿಂತ ಮುಂಚೆ ಸಾಲು ಮುಗಿಸಿ ಎದ್ದು ಹೋಗಿರುತ್ತಾನೆ. ಸಪ್ಪಗೆ ಅಂದ ಮೇಲೆ ಅವ್ರಿಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ.

ಸುಮ್ನೆ ಓದುವವನು

ಮಿರ್ಚಿ ಆರ್ಡರಿಗೆ ಭಾಮಿನಿ ಷಟ್ಪದಿ ಅಂತೆ. ಮೇಷ್ಟ್ರೇ, ಷಟ್ಪದಿಗೆ ಆರು ಸಾಲು ಬೇಕು, ಇಲ್ಲಿ ನಾಲ್ಕೇ ಇವೆ.

ಮೇಷ್ಟ್ರು, ಚಳ್ಳಕೆರೆ

ನಡೆ ಅಂದೆ, ಷಟ್ಪದಿ ಅನ್ನಲಿಲ್ಲ. ಭಾಮಿನಿಯಾದರೆ ಮೂರನೇ, ಆರನೇ ಸಾಲು ಇನ್ನೂ ಉದ್ದ ಇರಬೇಕು, ಕೊನೆಗೊಂದು ಗುರು ಬೇಕು. ಅದೂ ಗೊತ್ತು, 27 ವರ್ಷ ಪಾಠ ಮಾಡಿದ್ದೇನೆ.

ಕೋಟೆ ಕೆಳಗಿನವಳು, ಚಿತ್ರದುರ್ಗ

ಮೇಷ್ಟ್ರು ಹೇಳಿದ್ದಕ್ಕೆ ನಂದೂ ಒಂದು ಓಟು. ನಾನು ಬೇರೆ ವಿಷಯ ಹೇಳುತ್ತೇನೆ, ಇದನ್ನು ಯಾರೂ ಹೇಳದೇ ಇದ್ದರೆ ಹುಡುಗಿ ನನ್ನ ಹಾಗೆ ಪೆಟ್ಟು ತಿನ್ನುತ್ತಾಳೆ.

ನಾನು ಕಾಲೇಜಿನಲ್ಲಿದ್ದಾಗ ಆರು ಹಾಡು ಬರೆದು ಒಬ್ಬ ಆಲ್ಬಂ ಮಾಡುವವರಿಗೆ ಕೊಟ್ಟೆ. ನೋಟ್‌ಬುಕ್ಕನ್ನೇ ಕೊಟ್ಟೆ, ಕಾಪಿ ಇಟ್ಟುಕೊಳ್ಳಲಿಲ್ಲ. ಎಂಟು ತಿಂಗಳ ನಂತರ ನಮ್ಮ ಓಣಿಯಲ್ಲೇ, ಗಣಪತಿ ಪೆಂಡಾಲಿನಲ್ಲಿ ನನ್ನ ಹಾಡು ಕೇಳಿಸಿತು. ಕುಣಿಯುತ್ತಿದ್ದರು. ಓಡಿ ಹೋಗಿ ಸಿ.ಡಿ. ಕವರ್ ತಿರುಗಿಸಿ ನೋಡಿದೆ. ಸಾಹಿತ್ಯ ಅನ್ನುವ ಕಡೆ ಆತನ ಹೆಸರು. ಜನ ಕುಣಿಯುವುದು ನೋಡಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು, ಯಾವುದು ಎಷ್ಟು ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಲು ಹೋದರೆ "ನಿಂದು ಅಂತ ಏನು ಸಾಕ್ಷಿ" ಅಂದರು. ಸಾಕ್ಷಿ ಇರಲಿಲ್ಲ.

ಆಮೇಲೆ ಓದಿಕೊಂಡು ತಿಳಿದದ್ದು ಇದು. ನೀನು ಬರೆದ ಕ್ಷಣದಿಂದ ಆ ಸಾಹಿತ್ಯದ ಹಕ್ಕು ನಿನ್ನದು, 1957ರ ಕಾಪಿರೈಟ್ ಕಾಯ್ದೆ ಹಾಗೇ ಹೇಳುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಆದರೆ ಜಗಳ ಬಂದಾಗ ಕೈಯಲ್ಲಿ ಕಾಗದ ಇದ್ದರೆ ಒಳ್ಳೆಯದು. ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ಸಾಹಿತ್ಯ ಕೃತಿಗೆ 500 ರೂಪಾಯಿ ಫೀಸು. ಡೈರಿ ನಂಬರ್, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಕೊಡುತ್ತಾರೆ, ಯಾರಾದರೂ ತಕರಾರು ಹಾಕುತ್ತಾರಾ ಅಂತ 30 ದಿನ ಕಾಯುತ್ತಾರೆ, ಆಮೇಲೆ ಮುಂದಿನ ಪರಿಶೀಲನೆ. ಎಲ್ಲಾ ಹಾಡಿಗೂ ಮಾಡಿಸಲು ದುಡ್ಡಿಲ್ಲದಿದ್ದರೆ, ಕನಿಷ್ಠ ಬರೆದ ದಿನವೇ ಫೋಟೋ ತೆಗೆದು, ಹಾಡಿ ರೆಕಾರ್ಡ್ ಮಾಡಿ, ನಿನಗೇ ಒಂದು ಇಮೇಲ್ ಹಾಕಿಕೋ. ತಾರೀಖು ಉಳಿಯುತ್ತದೆ.

ಸಾಹಿತ್ಯ ಬೇರೆ ಕೃತಿ, ರಾಗ ಬೇರೆ ಕೃತಿ, ರೆಕಾರ್ಡಿಂಗ್ ಇನ್ನೊಂದು. ಮೂರಕ್ಕೂ ಬೇರೆ ಬೇರೆ ಮಾಲೀಕರು ಇರಬಹುದು. ಹಾಗಾಗಿ ಸಿನಿಮಾ ಟ್ಯೂನಿಗೆ ನಿನ್ನ ಪದ ಹಾಕಿದರೆ ಪದ ನಿನ್ನದು, ಟ್ಯೂನ್ ಅವರದ್ದು. ಮನೆಯಲ್ಲಿ ಅಭ್ಯಾಸಕ್ಕೆ ಎಷ್ಟು ಬೇಕಾದರೂ ಮಾಡು, ಕೈ ಕುದುರಲು ಅದಕ್ಕಿಂತ ಒಳ್ಳೆಯದಿಲ್ಲ. ಅಪ್‌ಲೋಡ್ ಮಾಡಬೇಡ. ಯೂಟ್ಯೂಬಿನ ಯಂತ್ರ ರಾಗ ಹಿಡಿದು ಮಾಲೀಕರಿಗೆ ಹೇಳುತ್ತದೆ, ಬಂದ ದುಡ್ಡು ಅವರಿಗೆ ಹೋಗಬಹುದು, ಇಲ್ಲಾ ವಿಡಿಯೋನೇ ತೆಗೆಸಬಹುದು.

ಯಾರಾದರೂ ಅಗ್ರಿಮೆಂಟ್ ತಂದರೆ ಮೂರು ನೋಡು. ಎಷ್ಟು ವರ್ಷಕ್ಕೆ, ಯಾವ ಜಾಗಕ್ಕೆ, ರಾಯಲ್ಟಿ (ಹಾಡು ಬಳಸಿದಾಗ ಬರೆದವರಿಗೆ ಬರುವ ಪಾಲು) ಎಷ್ಟು. ವರ್ಷ ಬರೆಯದಿದ್ದರೆ ಕಾನೂನಿನ ಪ್ರಕಾರ 5 ವರ್ಷ ಅಂತ ಲೆಕ್ಕ, ಜಾಗ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು "ಶಾಶ್ವತವಾಗಿ, ಪ್ರಪಂಚದಾದ್ಯಂತ" ಅಂತ ಸೇರಿಸಿರುತ್ತಾರೆ, ಸಣ್ಣ ಅಕ್ಷರದಲ್ಲಿ. 2012ರ ತಿದ್ದುಪಡಿ ಆದ ಮೇಲೆ ಸಿನಿಮಾ ಹಾಡು ಬರೆದವರು ತಮ್ಮ ಪಾಲಿನ ರಾಯಲ್ಟಿಯನ್ನು ನಿರ್ಮಾಪಕರಿಗೆ ಪೂರ್ತಿ ಬರೆದುಕೊಡುವ ಹಾಗಿಲ್ಲ. ಹಕ್ಕು ನೀನು ಬದುಕಿರುವವರೆಗೆ, ಆಮೇಲೆ 60 ವರ್ಷ ನಿನ್ನ ವಾರಸುದಾರರಿಗೆ. ಅಂದರೆ ಆ ಮೂಲೆ ಟೇಬಲ್ ಮಾವನ ಹಾಡು ನಿನ್ನ ಮೊಮ್ಮಕ್ಕಳಿಗೂ ಸೇರುತ್ತದೆ, ನಗಬೇಡ.

ಬೆಂಗಳೂರು ಪ್ರಶ್ನೆಗೆ. ಹೋಗುವುದಾದರೆ ಹೋಗು, ಆದರೆ ಇಲ್ಲೂ ಬಾಗಿಲುಗಳಿವೆ. ನಮ್ಮ ಚಿತ್ರದುರ್ಗದಲ್ಲಿ ಆಕಾಶವಾಣಿ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಒಮ್ಮೆ ಹೋಗಿ ನಾಟಕ ನೋಡಿ ಬಾ. ಅಲ್ಲಿನ ಶಿವಸಂಚಾರ ತಂಡ ಊರೂರಿಗೆ ನಾಟಕ ಒಯ್ಯುತ್ತದೆ. ರಂಗಗೀತೆ ಹೇಗೆ ಕೆಲಸ ಮಾಡುತ್ತದೆ ಅಂತ ಕೂತು ನೋಡಿದರೆ ಹತ್ತು ಯೂಟ್ಯೂಬ್ ಪಾಠಕ್ಕೆ ಸಮ. ನಟ ಒಂದು ಸಾಲು ಹಾಡಿದ ತಕ್ಷಣ ಕೊನೆಯ ಸಾಲಿನಲ್ಲಿ ಕೂತ ಅಜ್ಜನಿಗೆ ಅರ್ಥ ಆಗಬೇಕು, ಅವನು ರಿವೈಂಡ್ ಮಾಡಿ ಕೇಳುವ ಹಾಗಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ತಂಡ ಹೋಗುತ್ತಲ್ಲ, ಅವರಿಗೆ ಸಮೂಹಗೀತೆ ಬರೆದುಕೊಡು. ಪುಕ್ಕಟೆ ಬರೆದುಕೊಡು, ಹೆಸರು ಮಾತ್ರ ಹಾಕಿಸು.

ಈರುಳ್ಳಿ ಲೋಡ್

ತಂಗೀ, ತಮ್ಮ ಅಂದಿದ್ದಕ್ಕೆ ಕ್ಷಮಿಸು. ಮಿರ್ಚಿ ಹಾಡು ಓದಿದೆ. ಇದರಲ್ಲಿ ಮನುಷ್ಯ ಇದ್ದಾನೆ. ಕ್ಲೀನರ್ ಹುಡುಗನಿಗೆ ಓದಿ ಹೇಳಿದೆ, ಅವನು ಈಗ ಡಾಬಾದಲ್ಲಿ "ನೀರು ಕೊಡ್ರೋ ಮೊದಲು ಅವ್ರಿಗೆ" ಅಂತ ಶುರು ಮಾಡಿದ್ದಾನೆ. ಮುಂದೆ ಏನು? ನಾಲ್ಕು ಸಾಲಿಗೆ ಶಿರಾ ಬರುವುದಿಲ್ಲ.

ಗಲ್ಲಾಪೆಟ್ಟಿಗೆ, ದಾವಣಗೆರೆ

ಎರಡು ದಿನ ಏನೂ ಬರೆಯಲಿಲ್ಲ. ಸುಮ್ನೆ ಗಲ್ಲಾದಲ್ಲಿ ಕೂತು ಏನು ಕೂಗುತ್ತೇನೆ ಅಂತ ನಾನೇ ಕೇಳಿಸಿಕೊಂಡೆ. ಗಮನ ಕೊಟ್ಟ ತಕ್ಷಣ ಕೂಗಲು ಬರಲಿಲ್ಲ, ಅದೊಂದು ತೊಂದರೆ. ಅಪ್ಪ "ಯಾಕೆ, ಗಂಟಲು ಕಟ್ಟಿದೆಯಾ" ಅಂದರು. ಮೂರನೇ ದಿನ ಮರೆತು ಹೋಯಿತು, ಆಗ ಬಂತು.

ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಮಂಡಕ್ಕಿ! ಅದು ಐದು ಮಾತ್ರೆ. ಮೂರಕ್ಕೂ ಕೂರುವುದಿಲ್ಲ, ನಾಲ್ಕಕ್ಕೂ ಕೂರುವುದಿಲ್ಲ. ದಾವಣಗೆರೆಯ ಹಾಡಿನಲ್ಲಿ ಮಂಡಕ್ಕಿಗೇ ಜಾಗ ಇಲ್ಲ ಅಂದರೆ ಹೇಗೆ? ಒಂದು ರಾತ್ರಿ ಪೂರ್ತಿ ಅದಕ್ಕೇ ಹೋಯಿತು. ಪುರಿ ಅಂತ ಹಾಕಿ ನೋಡಿದೆ, ಅಮ್ಮ "ನಾವೇನು ಬೆಂಗಳೂರಿನವರಾ" ಅಂದಳು. ಬೆಳಿಗ್ಗೆ ಮಂಡಕ್ಕಿ ಭಟ್ಟಿಯಿಂದ ಚೀಲ ಹಾಕಲು ಬರುವ ಅಜ್ಜ ಬಂದಿದ್ದರು. ಅವರು "ಎಷ್ಟ್ ಚೀಲ ಮಂಡಕಿ" ಅಂದರು. ಮಂಡಕಿ! ಒತ್ತು ಹಾರಿಹೋಗಿದೆ, ನಾಲ್ಕೇ ಮಾತ್ರೆ. ಅವರು 40 ವರ್ಷದಿಂದ ಹಾಗೇ ಹೇಳುತ್ತಿದ್ದಾರೆ, ನಾನು ಈಗ ಕೇಳಿಸಿಕೊಂಡೆ.

ಬಸ್ಸು ಹೋಯ್ತೇ ಹೋಗ್ಲಿ ಬಿಡಿರೀ
ಇನ್ನು ಹತ್ತೇ ನಿಮಿಷ ಕೂತ್ಕೊಳಿ
ಸಾಲದವನೇ ಬಂದ್ರೆ ಹೇಳಿರಿ
ಬಾಯಿ ತುಂಬಾ ಖಾರ ಮಂಡಕಿ

ಇದು ಚರಣ ಅಂತ ಇಟ್ಟುಕೊಂಡಿದ್ದೇನೆ. ಮೊದಲಿನದು ಪಲ್ಲವಿ. ಇನ್ನೆರಡು ಚರಣ ಬರಬೇಕು, ಬಟ್ಟೆ ಅಂಗಡಿ ಅಕ್ಕಂದಿರಿಗೆ ಒಂದು, ಕೋಚಿಂಗ್ ಹುಡುಗರಿಗೆ ಒಂದು.

ಕೀಬೋರ್ಡ್ ಹರಿಹರ

"ಸಾಲದವನೇ" ಸಾಲು ಬಂದಾಗ ನಾನು ಒಬ್ಬನೇ ಕೂತು ನಕ್ಕೆ, ಹೆಂಡತಿ ಬಂದು ನೋಡಿ ಹೋದಳು.

ರಾಗಕ್ಕೆ ಒಂದು ಮಾತು. ಮೂರು-ನಾಲ್ಕು ಸೇರಿದ ಈ ಏಳರ ನಡೆ ನಿಧಾನಕ್ಕೆ ಹೋದರೆ ಭಕ್ತಿಗೀತೆ ಆಗಿಬಿಡುತ್ತದೆ, ಮತ್ತೆ ಯಾರಾದರೂ ಯಾವ ಮಠ ಅಂತ ಕೇಳುತ್ತಾರೆ. ಚುರುಕಾಗಿ ಹಿಡಿ. ಪಲ್ಲವಿಗೆ ಜಾಸ್ತಿ ರಾಗ ಹಾಕಬೇಡ, ನೀನು ಕೂಗುವ ಏರಿಳಿತವನ್ನೇ ಇಟ್ಟುಕೋ, ಎರಡು ಮೂರು ಸ್ವರ ಸಾಕು. ಚರಣದಲ್ಲಿ "ಹೋಗ್ಲಿ ಬಿಡಿರೀ" ಹತ್ತಿರ ಮೇಲಕ್ಕೆ ಹೋಗು. ಅಲ್ಲಿ ಕೇಳುವವನ ಹೆಗಲು ಇಳಿಯಬೇಕು. ಹಿಂದೆ ದೊಡ್ಡ ಮ್ಯೂಸಿಕ್ ಬೇಡ. ಜಾಲರಿ ಸೌಟು ಬಾಣಲೆ ಅಂಚಿಗೆ ಬಡಿಯುವ ಸದ್ದಿದೆಯಲ್ಲ, ಟಣ್ ಅಂತ, ಅದನ್ನು ಫೋನಿನಲ್ಲಿ ಹಿಡಿದು ಕಳಿಸು, ನಾನು ಅದನ್ನೇ ತಾಳ ಮಾಡುತ್ತೇನೆ. ದುಡ್ಡು ಬೇಡ. ರೆಕಾರ್ಡಿಂಗಿಗೆ ಹರಿಹರಕ್ಕೆ ಬರುವುದಾದರೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬಾ, ಒಬ್ಬಳೇ ಬರಬೇಡ. ಯಾರೇ ಕರೆದರೂ ಒಬ್ಬಳೇ ಹೋಗಬೇಡ, ಈ ಫೀಲ್ಡಿನಲ್ಲಿ ಇದನ್ನು ಹೇಳಲೇಬೇಕು.

ಕೋಟೆ ಕೆಳಗಿನವಳು, ಚಿತ್ರದುರ್ಗ

ಇಲ್ಲಿ ಹಾಕುವ ಮೊದಲು ಇಮೇಲ್ ಹಾಕಿಕೊಂಡೆಯಾ?

ಗಲ್ಲಾಪೆಟ್ಟಿಗೆ, ದಾವಣಗೆರೆ

ಹಾಕಿಕೊಂಡೆ ಅಕ್ಕ. ನೋಟ್‌ಬುಕ್ಕಿನ ಫೋಟೋ, ಹಾಡಿದ್ದು, ಎರಡೂ. ನೋಟ್‌ಬುಕ್ ಗಲ್ಲಾದಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.

ನಿನ್ನೆ ರಾತ್ರಿಯ ವಿಷಯ ಹೇಳಬೇಕು. ಒಂಬತ್ತೂವರೆ ಆಗಿತ್ತು, ಮೂರು ಟೇಬಲ್ ಖಾಲಿ. ಮಾವ ಮೂಲೆಯಲ್ಲಿ. ಈ ಸಲ ಆರ್ಡರ್ ಕೂಗಲಿಲ್ಲ, ಪಲ್ಲವಿ, ಚರಣ ಪೂರ್ತಿ ಹಾಡಿದೆ, ನಿಂತುಕೊಂಡು. ಮೊದಲ ಸಾಲಿಗೇ ಕಾಲು ನಡುಗಿತು. ಮಾವ ಮಿರ್ಚಿಯ ತೊಟ್ಟು ಹಿಡಿದುಕೊಂಡು ಹಾಗೇ ಕೂತಿದ್ದರು, ಕಚ್ಚಲೇ ಇಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ದಿನಾ ಸಪ್ಪಗೆ ಇರ್ತೀನೇನವ್ವಾ?" ಅಂತ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಮ್ಮ ಒಳಗಿಂದ "ಹ್ಞೂಂ, ಇರ್ತೀರಿ" ಅಂದುಬಿಟ್ಟಳು. ಅವರು ನಕ್ಕರು. ಆಮೇಲೆ ಇನ್ನೆರಡು ಮಿರ್ಚಿ ಹೇಳಿದರು. ಬಸ್ಸು ಹೋಗಿದೆ ಅಂತ ನಮ್ಮ ತಮ್ಮ ಸ್ಕೂಟರಿನಲ್ಲಿ ಬಿಟ್ಟು ಬಂದ.

ಇದು ಚೆನ್ನಾಗಿತ್ತಾ, ಅವರಿಗೆ ನೋವಾಯಿತಾ ಅಂತ ಇನ್ನೂ ಗೊತ್ತಾಗಿಲ್ಲ. ಇವತ್ತು ಸಂಜೆ ಬರುತ್ತಾರಾ ನೋಡಬೇಕು.

ಮೇಷ್ಟ್ರು, ಚಳ್ಳಕೆರೆ

ಬರುತ್ತಾರೆ ಅನ್ನಿಸುತ್ತದೆ. ಒಂದು ಕೇಳಬೇಕಿತ್ತು. "ನೀರು ಕೊಡ್ರೋ" ಅಂದಿದ್ದೀಯಲ್ಲ, ಅಂಗಡಿಯಲ್ಲಿ ಅಪ್ಪ, ಅಮ್ಮ ಇರುವಾಗ "ರೋ" ಯಾರಿಗೆ?

ಗಲ್ಲಾಪೆಟ್ಟಿಗೆ, ದಾವಣಗೆರೆ

ತಮ್ಮನಿಗೆ ಸರ್. ಅವನು ಒಬ್ಬನೇ ಇದ್ದರೂ "ಕೊಡ್ರೋ" ಅಂತಲೇ ಕೂಗುವುದು, ಇಲ್ಲದಿದ್ದರೆ ಕೇಳಿಸಲಿಲ್ಲ ಅನ್ನುತ್ತಾನೆ.

ಬಂದರು! ಈಗ ಬಂದರು. ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದಾರೆ, "ಆ ಹಾಡು ಹೇಳವ್ವಾ" ಅನ್ನುತ್ತಿದ್ದಾರೆ. ಆಮೇಲೆ ಬರೆಯುತ್ತೇನೆ.